ವಾರದಲ್ಲಿ ಬಂಗು ಹೋದರೆ ಹೆದರಬೇಕು

ನನ್ನ ಅತ್ತಿಗೆಯ ಮುಖದಲ್ಲಿ ಬಂಗು ಕಾಣಿಸಿಕೊಂಡದ್ದು ಎರಡನೆಯ ಮಗು ಹೊಟ್ಟೆಯಲ್ಲಿದ್ದಾಗ. ಎರಡೂ ಕೆನ್ನೆಗಳ ಮೇಲೆ, ಮೇಲ್ತುಟಿಯ ಅಂಚಿನಲ್ಲಿ, ಬಟ್ಟೆಗೆ ಚೆಲ್ಲಿ ಒಣಗಿದ ಚಹಾದಂತಹ ಕಂದು ಬಣ್ಣ. ಬಾಣಂತನ ಮುಗಿದರೂ ಅದು ಹೋಗಲಿಲ್ಲ. ಆ ವರ್ಷ ರೊಬಸ್ಟಾ ಕೊಯ್ಲಿನ ಹೊತ್ತಿನಲ್ಲಿ ಕಣದಲ್ಲಿ ಕಾಫಿ ಹರಡಿ, ದಿನವಿಡೀ ಬಿಸಿಲಲ್ಲಿ ನಿಂತು ಕೈಯಾಡಿಸಿದ ಮೇಲೆ ಕಲೆ ಇನ್ನಷ್ಟು ಗಾಢವಾಯಿತು. ನೆಂಟರ ಮದುವೆಯೊಂದು ಹತ್ತಿರ ಬಂದಿತ್ತು. ಪೇಟೆಯ ಔಷಧಿ ಅಂಗಡಿಯೊಂದರಲ್ಲಿ ವಿಚಾರಿಸಿದರು. “ಅಕ್ಕ, ಇದನ್ನು ರಾತ್ರಿ ಹಚ್ಚಿ ಮಲಗಿ, ಒಂದು ವಾರ ಬಿಟ್ಟು ಕನ್ನಡಿ ನೋಡಿಕೊಳ್ಳಿ” ಎಂದು ಅಂಗಡಿಯವರು ಒಂದು ಟ್ಯೂಬ್ ಕೊಟ್ಟರು.

ಅವರು ಹೇಳಿದಂತೆಯೇ ಆಯಿತು. ಹತ್ತು ದಿನಗಳಲ್ಲಿ ಕಲೆ ಮಾಸಿತು, ಮುಖಕ್ಕೆ ಹೊಳಪು ಬಂತು. ಮದುವೆ ಮನೆಯಲ್ಲಿ ನಾಲ್ಕಾರು ಜನ ಟ್ಯೂಬಿನ ಹೆಸರು ಕೇಳಿ ಬರೆದುಕೊಂಡರು. ತೋಟದ ಕೂಲಿಯವರು ಇರುವ ಲೈನ್ ಮನೆಯ ಮೂವರು ಹೆಂಗಸರಿಗೆ ಅತ್ತಿಗೆಯೇ ಒಂದೊಂದು ಟ್ಯೂಬ್ ತರಿಸಿಕೊಟ್ಟರು. ಸುಮಾರು ನಾಲ್ಕು ತಿಂಗಳ ನಂತರ ಒಲೆಯ ಮುಂದೆ ಕುಳಿತರೆ ಕೆನ್ನೆ ಕೆಂಪಾಗಿ ಉರಿಯತೊಡಗಿತು. ಎಂದೂ ಇಲ್ಲದ ಮೊಡವೆಗಳು ಎದ್ದವು. ದವಡೆಯ ಮೇಲೆ ಸಣ್ಣ ಕೂದಲು ಕಾಣಿಸಿತು. ಹೆದರಿ ಹಚ್ಚುವುದನ್ನು ನಿಲ್ಲಿಸಿದರೆ ಮೂರೇ ದಿನಗಳಲ್ಲಿ ಮುಖ ಊದಿ ತುರಿಕೆ ಶುರುವಾಯಿತು, ಹಳೆಯ ಬಂಗು ಮೊದಲಿಗಿಂತ ಕಪ್ಪಾಗಿ ಮರಳಿತು. ಮತ್ತೆ ಹಚ್ಚಿದರೆ ಎಲ್ಲವೂ ಶಾಂತ. ಹೀಗೆ ಆ ಟ್ಯೂಬ್ ಬಿಟ್ಟಿರಲಾರದ ಸ್ಥಿತಿಗೆ ಅವರು ಬಂದರು.

ಈ ಅನುಭವದ ನಂತರ ನಾನು ಓದಿ, ಕೇಳಿ, ತಿಳಿದುಕೊಂಡದ್ದರಲ್ಲಿ ಒಂದು ಮಾತನ್ನು ಮೊದಲೇ ಹೇಳಿಬಿಡುತ್ತೇನೆ. ಬಂಗಿಗೆ ವಾರದೊಳಗೆ ಫಲ ಕೊಡುವ ಸುರಕ್ಷಿತ ಮದ್ದು ಇಲ್ಲ. ಯಾವ ಕ್ರೀಮ್ ಅಷ್ಟು ಬೇಗ ಕೆಲಸ ಮಾಡುತ್ತದೆಯೋ ಅದರೊಳಗೆ ಏನಿದೆ ಎಂದು ಅನುಮಾನಿಸಲು ಆ ವೇಗವೊಂದೇ ಸಾಕು. ನಾವು ಹೆಂಗಸರು ಗುಣವೆಂದು ತಿಳಿದು ಒಬ್ಬರಿಗೊಬ್ಬರು ಶಿಫಾರಸು ಮಾಡುತ್ತಿರುವುದು ಆ ವೇಗವನ್ನೇ.

ಬಂಗು ಎಂದರೇನು ಎಂಬುದು ಅರ್ಥವಾದರೆ ಇದು ಸ್ಪಷ್ಟವಾಗುತ್ತದೆ. ಚರ್ಮದ ಮೇಲ್ಪದರದ ತಳದಲ್ಲಿ ಮೆಲನಿನ್ ಎಂಬ ಬಣ್ಣದ ಕಣಗಳನ್ನು ತಯಾರಿಸುವ ಜೀವಕೋಶಗಳಿವೆ. ಬೆಳ್ಳಗಿರುವವರಲ್ಲೂ ಕಪ್ಪಗಿರುವವರಲ್ಲೂ ಇವುಗಳ ಸಂಖ್ಯೆ ಹೆಚ್ಚುಕಡಿಮೆ ಒಂದೇ. ಅವು ಎಷ್ಟು ಬಣ್ಣ ತಯಾರಿಸುತ್ತವೆ, ಯಾವ ಬಗೆಯದನ್ನು ತಯಾರಿಸುತ್ತವೆ, ಸುತ್ತಲಿನ ಕೋಶಗಳಿಗೆ ಹೇಗೆ ಹಂಚುತ್ತವೆ ಎಂಬುದರಲ್ಲಿ ಮಾತ್ರ ವ್ಯತ್ಯಾಸ. ಬಿಸಿಲಿನ ಅತಿನೇರಳೆ ಕಿರಣ ಬಿದ್ದಾಗ ಒಳಗಿನ ಕೋಶಗಳನ್ನು ಕಾಪಾಡಲು ಮೆಲನಿನ್ ಹೆಚ್ಚುತ್ತದೆ. ಅದು ಚರ್ಮ ತನಗೆ ತಾನೇ ಹಿಡಿದುಕೊಳ್ಳುವ ಕೊಡೆ. ಬಂಗಿನಲ್ಲಿ ಕೆಲವು ಜಾಗದ ಕೋಶಗಳು ಮಾತ್ರ ಅತಿಯಾಗಿ ಕೆರಳಿ, ಸ್ವಲ್ಪವೇ ಬೆಳಕು ಬಿದ್ದರೂ ಬಣ್ಣ ಸುರಿಸುತ್ತವೆ. ಬಸಿರಿನ ಕಾಲದ ಹಾರ್ಮೋನುಗಳು, ಗರ್ಭನಿರೋಧಕ ಮಾತ್ರೆಗಳು, ಮನೆತನದಿಂದ ಬಂದ ಸ್ವಭಾವ, ಎಲ್ಲಕ್ಕಿಂತ ಹೆಚ್ಚಾಗಿ ಬಿಸಿಲು, ಇವು ಅದನ್ನು ಕೆರಳಿಸುತ್ತವೆ. ಗಂಡಸರಿಗೂ ಬರುತ್ತದೆ, ಆದರೆ ಬಹುಪಾಲು ಹೆಂಗಸರಿಗೆ. ಬಸಿರಿನಲ್ಲಿ ಬಂದದ್ದು ಅನೇಕರಲ್ಲಿ ಹೆರಿಗೆಯಾದ ಕೆಲವು ತಿಂಗಳಲ್ಲಿ ತಾನಾಗಿಯೇ ತಿಳಿಯಾಗುತ್ತದೆ, ಕೆಲವರಲ್ಲಿ ಉಳಿದುಬಿಡುತ್ತದೆ.

ಬಣ್ಣ ಮೇಲ್ಪದರದಲ್ಲಷ್ಟೇ ಇದ್ದರೆ ಮದ್ದಿಗೆ ಬೇಗ ಜಗ್ಗುತ್ತದೆ. ಒಳಪದರಕ್ಕೆ ಇಳಿದಿದ್ದರೆ ಬೂದು ಛಾಯೆಯಲ್ಲಿ ಕಾಣುತ್ತದೆ, ಸುಲಭಕ್ಕೆ ಮಾಸುವುದಿಲ್ಲ. ಮೇಲ್ಪದರದ ಚರ್ಮ ಪೂರ್ತಿ ಹೊಸದಾಗಲು ಒಂದು ತಿಂಗಳಾದರೂ ಬೇಕು. ಹಾಗಿರುವಾಗ, ಬಣ್ಣ ತಯಾರಿಕೆಯನ್ನು ಇಂದೇ ತಗ್ಗಿಸಿದರೂ ಈಗಾಗಲೇ ಸೇರಿಕೊಂಡಿರುವ ಬಣ್ಣ ಉದುರಿಹೋಗಲು ವಾರಗಳು, ತಿಂಗಳುಗಳು ಹಿಡಿಯಲೇಬೇಕು. ಹತ್ತು ದಿನಗಳಲ್ಲಿ ಆಗುವ ಕೆಲಸ ಅದಲ್ಲ.

ಇನ್ನೊಂದು ಮಾತು. ಮುಖದ, ಕತ್ತಿನ ಎಲ್ಲ ಕಪ್ಪೂ ಬಂಗಲ್ಲ. ಕತ್ತಿನ ಹಿಂಭಾಗ, ಕಂಕುಳು ಮಖಮಲ್ಲಿನಂತೆ ದಪ್ಪವಾಗಿ ಕಪ್ಪಾಗಿದ್ದರೆ ಅದು ದೇಹದಲ್ಲಿ ಇನ್ಸುಲಿನ್ ಸರಿಯಾಗಿ ಕೆಲಸ ಮಾಡುತ್ತಿಲ್ಲವೆಂಬ ಸೂಚನೆಯಾಗಿರಬಹುದು. ಅದಕ್ಕೆ ಬೇಕಾದದ್ದು ರಕ್ತದ ಸಕ್ಕರೆಯ ಪರೀಕ್ಷೆ. ಆದರೆ ಎಷ್ಟೋ ಮನೆಗಳಲ್ಲಿ ಹದಿಹರೆಯದ ಹುಡುಗಿಯನ್ನು “ಸರಿಯಾಗಿ ಉಜ್ಜಿ ಸ್ನಾನ ಮಾಡುವುದಿಲ್ಲ” ಎಂದು ಬೈದು, ಸ್ಕ್ರಬ್ಬರಿನಲ್ಲಿ ತಿಕ್ಕಿ ಗಾಯ ಮಾಡುತ್ತಾರೆ. ಗಾಯವಾದ ಜಾಗ ಮತ್ತಷ್ಟು ಕಪ್ಪಾಗುತ್ತದೆ. ಬೆರಳ ಗೆಣ್ಣುಗಳು ಕಪ್ಪಾಗಿ ಸುಸ್ತು ಹೆಚ್ಚಿದ್ದರೆ ಬಿ12 ಜೀವಸತ್ವದ ಕೊರತೆ ಇರಬಹುದು. ಅಂಗೈ ಗೆರೆ, ಒಸಡು ಕಪ್ಪಾಗಿ ತೂಕ ಇಳಿಯುತ್ತಿದ್ದರೆ ಅದು ಅಡ್ರಿನಲ್ ಗ್ರಂಥಿಯ ಗಂಭೀರ ಕಾಯಿಲೆಯ ಲಕ್ಷಣವೂ ಆಗಬಹುದು. ತಲೆಗೂದಲಿನ ಬಣ್ಣ, ಅಗ್ಗದ ಕುಂಕುಮ ಒಗ್ಗದೆ ಹಣೆ, ಕಿವಿಯ ಸುತ್ತ ಕಪ್ಪಾಗುವುದೂ ಉಂಟು. ಅಲ್ಲಿ ಮದ್ದು ಹಚ್ಚುವುದಕ್ಕಿಂತ ಆ ಬಣ್ಣವನ್ನೋ ಕುಂಕುಮವನ್ನೋ ಬಿಡುವುದು ಮುಖ್ಯ. ಬಿಳಿ ಮಚ್ಚೆಯಾದರೆ ಚಿಬ್ಬೋ ತೊನ್ನೋ ಎಂಬ ಪ್ರಶ್ನೆಯೇ ಬೇರೆ. ಒಂದೇ ಟ್ಯೂಬ್ ಇವೆಲ್ಲಕ್ಕೂ ಉತ್ತರವಾಗಲು ಸಾಧ್ಯವಿಲ್ಲ, ಆದರೆ ಅಂಗಡಿಯಲ್ಲಿ ಇವೆಲ್ಲಕ್ಕೂ ಒಂದೇ ಟ್ಯೂಬ್ ಸಿಗುತ್ತಿದೆ.

ಕೊಡಗಿನ ಬೆಳಕಿನ ಬಗ್ಗೆ ಸ್ವಲ್ಪ ಹೆಚ್ಚೇ ಹೇಳಬೇಕು, ಏಕೆಂದರೆ ಇಲ್ಲಿ ಮೋಸ ಹೋಗುವುದು ಸುಲಭ. ನಮ್ಮದು ತಂಪು ಜಿಲ್ಲೆ, ಮಂಜಿನ ಜಿಲ್ಲೆ. ಬಳ್ಳಾರಿ, ರಾಯಚೂರಿನವರಿಗೆ ಬೇಕಾದ ಎಚ್ಚರಿಕೆ ನಮಗೆ ಯಾಕೆ ಎಂಬ ಭಾವನೆ ಎಲ್ಲರಲ್ಲೂ ಇದೆ. ಸೆಕೆ ಮತ್ತು ಅತಿನೇರಳೆ ಕಿರಣ ಎರಡೂ ಒಂದೇ ಅಲ್ಲ. ಎತ್ತರಕ್ಕೆ ಹೋದಂತೆ ಗಾಳಿಯ ಪದರ ತೆಳುವಾಗುವುದರಿಂದ ಪ್ರತಿ 1,000 ಮೀಟರಿಗೆ ಅತಿನೇರಳೆ ಕಿರಣ ಸುಮಾರು ಶೇಕಡ 10ರಷ್ಟು ಹೆಚ್ಚುತ್ತದೆ. ಮಡಿಕೇರಿ ಇರುವುದು 1,100 ಮೀಟರಿಗೂ ಎತ್ತರದಲ್ಲಿ. ತೆಳು ಮೋಡದ ಮೂಲಕ ಶೇಕಡ 80ರವರೆಗೂ ಈ ಕಿರಣಗಳು ಇಳಿದು ಬರಬಲ್ಲವು. ಡಿಸೆಂಬರ್, ಜನವರಿಯ ಬೆಳಿಗ್ಗೆ ಚಳಿಗೆ ಮೈ ಕಾಯಿಸಿಕೊಳ್ಳಲು ನಾವು ಅಂಗಳದಲ್ಲಿ ಮುಖವೊಡ್ಡಿ ಕೂರುವ ಆ ಹಿತವಾದ ಬಿಸಿಲು, ಹೊತ್ತೇರಿದಂತೆ, ಬೆವರು ಬಾರದಿದ್ದರೂ ಬಂಗನ್ನು ಗಾಢವಾಗಿಸುತ್ತಿರುತ್ತದೆ.

ತೋಟದ ಕೆಲಸದಲ್ಲೂ ಬೆಳಕು ಒಂದೇ ಸಮನಾಗಿಲ್ಲ. ಕಾಫಿ ಕೊಯ್ಯುವಾಗ ಮೇಲೆ ಮರಗಳ ನೆರಳಿರುತ್ತದೆ. ಕಣದಲ್ಲಿ ನೆರಳಿಲ್ಲ. ಕೆಳಗಿನ ಸಿಮೆಂಟು ನೆಲದಿಂದಲೂ ಬೆಳಕು ಮುಖಕ್ಕೆ ಮರಳುತ್ತದೆ, ಮತ್ತು ಆ ಕೆಲಸ ಬೀಳುವುದು ನಡುಹಗಲಿನಲ್ಲಿ. ಮಳೆಗಾಲಕ್ಕೆ ಮೊದಲು ಮರಗಸಿ ಮಾಡಿ ಕೊಂಬೆ ತೆಗೆದ ಮೇಲೆ ತೋಟದೊಳಗೂ ಬಿಸಿಲು ನೇರವಾಗಿ ಇಳಿಯುತ್ತದೆ. ಕೊಡವ ಹೆಂಗಸರು ತಲೆಗೆ ಕಟ್ಟುವ ವಸ್ತ್ರವಾಗಲಿ, ಕೂಲಿ ಹೆಂಗಸರು ಸುತ್ತಿಕೊಳ್ಳುವ ಟವೆಲಾಗಲಿ ಕೂದಲನ್ನು, ಹಣೆಯ ಮೇಲ್ಭಾಗವನ್ನು ಕಾಯುತ್ತದೆ. ಬಂಗು ಬರುವ ಕೆನ್ನೆ, ಮೂಗು, ಮೇಲ್ತುಟಿ ಬಯಲಾಗಿಯೇ ಉಳಿಯುತ್ತವೆ. ಬಸ್ಸಿನ, ಜೀಪಿನ ಪಕ್ಕದ ಗಾಜು ಚರ್ಮ ಸುಡುವ ಕಿರಣವನ್ನು ತಡೆದರೂ ಕಪ್ಪಾಗಿಸುವ ಕಿರಣವನ್ನು ಬಹುಮಟ್ಟಿಗೆ ಒಳಗೆ ಬಿಡುತ್ತದೆ. ಕಣ್ಣಿಗೆ ಕಾಣುವ ಸಾಮಾನ್ಯ ಬೆಳಕು ಕೂಡ ನಮ್ಮಂತಹ ಕಂದು ಚರ್ಮದವರಲ್ಲಿ ಬಂಗನ್ನು ಹೆಚ್ಚಿಸುತ್ತದೆ. ಸೌದೆ ಒಲೆಯ ಝಳ ಕೆನ್ನೆಗೆ ತಾಗಿದರೆ ಕಲೆ ಕೆರಳುತ್ತದೆ ಎಂಬುದು ಚರ್ಮವೈದ್ಯರು ಹೇಳುವ ಮಾತು.

ಈಗ ಆ ಟ್ಯೂಬಿನ ವಿಷಯ. ಅತ್ತಿಗೆ ಬಳಸಿದ್ದರಲ್ಲಿ ಮೂರು ಮದ್ದುಗಳಿದ್ದವು: ಹೈಡ್ರೋಕ್ವಿನೋನ್, ಟ್ರೆಟಿನಾಯಿನ್ ಮತ್ತು ಮೊಮೆಟಾಸೋನ್ ಎಂಬ ಸ್ಟೀರಾಯ್ಡ್. ಈ ಬಗೆಯ ಮಿಶ್ರಣಕ್ಕೆ ಇತಿಹಾಸವಿದೆ. 1975ರಲ್ಲಿ ಅಮೆರಿಕದ ಚರ್ಮವೈದ್ಯ ಆಲ್ಬರ್ಟ್ ಕ್ಲಿಗ್‌ಮನ್ ಮತ್ತು ಅವರ ಸಹೋದ್ಯೋಗಿ ವಿಲ್ಲಿಸ್ ಇಂತಹ ಮೂರು ಮದ್ದುಗಳ ಸೂತ್ರವನ್ನು ಪ್ರಕಟಿಸಿದರು. ಹೈಡ್ರೋಕ್ವಿನೋನ್ ಬಣ್ಣ ತಯಾರಿಕೆಯನ್ನು ತಡೆಯುತ್ತದೆ. ಟ್ರೆಟಿನಾಯಿನ್ ಹಳೆಯ ಕೋಶಗಳು ಬೇಗ ಉದುರುವಂತೆ ಮಾಡುತ್ತದೆ. ಇವೆರಡರಿಂದ ಆಗುವ ಉರಿಯನ್ನು ತಣಿಸಲು ಸ್ಟೀರಾಯ್ಡ್. 2002ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಪಡೆದ ಮಿಶ್ರಣದಲ್ಲಿ ಇದ್ದದ್ದು ಸೌಮ್ಯವಾದ ಫ್ಲುವೋಸಿನೋಲೋನ್, ಅದೂ ಶೇಕಡ 0.01ರಷ್ಟು. ಎಂಟು ವಾರಗಳ ಬಳಕೆಗೆ, ವೈದ್ಯರ ಕಣ್ಗಾವಲಿನಲ್ಲಿ, ಬಿಸಿಲಿನಿಂದ ರಕ್ಷಣೆಯ ಜೊತೆಗೆ. ಆ ಚೌಕಟ್ಟಿನೊಳಗೆ ಅದು ಇಂದಿಗೂ ಬಂಗಿಗೆ ಇರುವ ಪ್ರಬಲ ಮದ್ದುಗಳಲ್ಲೊಂದು. ಸೂತ್ರವನ್ನು ನಾನು ದೂರುತ್ತಿಲ್ಲ. ನಮ್ಮಲ್ಲಿ ಅದಕ್ಕೆ ಹೆಚ್ಚು ಬಲವಾದ ಸ್ಟೀರಾಯ್ಡ್ ಸೇರಿಸಿ, ಚೀಟಿಯಿಲ್ಲದೆ, ಅವಧಿ ಹೇಳದೆ, ದಿನನಿತ್ಯದ ಮುಖದ ಕ್ರೀಮಿನಂತೆ ಮಾರಿದ್ದು ಅನ್ಯಾಯ.

ಸ್ಟೀರಾಯ್ಡ್ ಮುಖಕ್ಕೆ ಬಿದ್ದಾಗ ಸಣ್ಣ ರಕ್ತನಾಳಗಳು ಕುಗ್ಗುತ್ತವೆ, ಉರಿಯೂತ ಇಳಿಯುತ್ತದೆ, ಬಣ್ಣದ ಕೋಶಗಳು ಮಂಕಾಗುತ್ತವೆ. ಆದ್ದರಿಂದಲೇ ನಾಲ್ಕಾರು ದಿನಗಳಲ್ಲಿ ಮುಖ ಬಿಳಿಚಿ, ನುಣುಪಾಗಿ, ಕಲೆಯಿಲ್ಲದಂತೆ ಕಾಣುತ್ತದೆ. ಅದು ಗುಣವಾದದ್ದಲ್ಲ, ಚರ್ಮದ ಬಾಯಿ ಕಟ್ಟಿದ್ದು. ತಿಂಗಳುಗಟ್ಟಲೆ ಹಚ್ಚಿದರೆ ಚರ್ಮ ತೆಳ್ಳಗಾಗುತ್ತದೆ, ಒಳಗಿನ ರಕ್ತನಾಳಗಳು ಕೆಂಪು ಎಳೆಗಳಂತೆ ಕಾಣುತ್ತವೆ, ಮೊಡವೆ ಮತ್ತು ಕೂದಲು ಹೆಚ್ಚುತ್ತವೆ, ಹುಳುಕಡ್ಡಿ ಇದ್ದರೆ ಗುರುತು ಸಿಗದಂತೆ ಹರಡುತ್ತದೆ. ನಿಲ್ಲಿಸಿದ ಕೂಡಲೇ ಕುಗ್ಗಿದ್ದ ರಕ್ತನಾಳಗಳು ಹಿಗ್ಗಿ ಉರಿ, ಊತ, ಕೆಂಪು. ಭಾರತದ ಚರ್ಮವೈದ್ಯರು ಇದಕ್ಕೆ ‘ಸ್ಟೀರಾಯ್ಡ್‌ನಿಂದ ಹಾಳಾದ ಮುಖ’ ಎಂಬ ಅರ್ಥದ ಪ್ರತ್ಯೇಕ ಹೆಸರನ್ನೇ ಕೊಟ್ಟಿದ್ದಾರೆ. ರೋಗ ಅಷ್ಟು ಸಾಮಾನ್ಯವಾಗಿದೆ. 2011ರಲ್ಲಿ ಪ್ರಕಟವಾದ, ದೇಶದ ಹಲವು ಕೇಂದ್ರಗಳಲ್ಲಿ ನಡೆದ ಅಧ್ಯಯನವೊಂದರಲ್ಲಿ ಮುಖದ ತೊಂದರೆಗೆಂದು ಬಂದ 2,926 ಜನರನ್ನು ವಿಚಾರಿಸಿದಾಗ 433 ಮಂದಿ ಮುಖಕ್ಕೆ ಸ್ಟೀರಾಯ್ಡ್ ಹಚ್ಚುತ್ತಿದ್ದರು. ಅವರಲ್ಲಿ 392 ಮಂದಿಗೆ ಅದರಿಂದಲೇ ಹಾನಿಯಾಗಿತ್ತು.

ಕಾನೂನು ಸುಮ್ಮನಿರಲಿಲ್ಲ. ಚರ್ಮವೈದ್ಯರ ಸಂಘ ವರ್ಷಗಟ್ಟಲೆ ಒತ್ತಾಯಿಸಿದ ಮೇಲೆ 2018ರ ಮಾರ್ಚ್‌ನಲ್ಲಿ ಕೇಂದ್ರ ಸರ್ಕಾರ ಹಚ್ಚುವ ಸ್ಟೀರಾಯ್ಡ್‌ಗಳನ್ನು ವೈದ್ಯರ ಚೀಟಿ ಇಲ್ಲದೆ ಮಾರಬಾರದ ಔಷಧಿಗಳ ಪಟ್ಟಿಗೆ ಸೇರಿಸಿತು. ಅಲ್ಲಿಯವರೆಗೆ ಹೊರಗೆ ಹಚ್ಚುವ ಮದ್ದು ಎಂಬ ಕಾರಣಕ್ಕೆ ವಿನಾಯಿತಿ ಇತ್ತು. ಅತ್ತಿಗೆಯ ಟ್ಯೂಬಿನ ಪೆಟ್ಟಿಗೆಯ ಮೇಲೆ ಆ ಎಚ್ಚರಿಕೆ ಸಣ್ಣ ಇಂಗ್ಲಿಷ್ ಅಕ್ಷರಗಳಲ್ಲಿ ಇದ್ದೇ ಇತ್ತು. ಚೀಟಿಯನ್ನು ಕೇಳಿದವರು ಮಾತ್ರ ಯಾರೂ ಇಲ್ಲ. ಕೊಡಗಿನ ಹಳ್ಳಿಯಿಂದ ಚರ್ಮವೈದ್ಯರನ್ನು ಕಾಣಲು ಹೋಗಬೇಕಾದರೆ ಒಂದು ದಿನದ ಕೂಲಿ ಹೋಗುತ್ತದೆ, ಬಸ್ಸಿನ ಖರ್ಚು ಬೇರೆ. ಔಷಧಿ ಅಂಗಡಿ ಸಂತೆಯ ಪಕ್ಕದಲ್ಲೇ ಇದೆ, ಅಲ್ಲಿ ಮಾತು ಮೃದುವಾಗಿದೆ, ಶುಲ್ಕವಿಲ್ಲ. ಅಂಗಡಿಯವರಿಗೆ ಕೆಡುಕು ಮಾಡುವ ಉದ್ದೇಶವಿದೆ ಎಂದು ನಾನು ಹೇಳುವುದಿಲ್ಲ. ಆದರೆ ಹೆಸರಿನ ಕೊನೆಯಲ್ಲಿ ‘ಸೋನ್’ ಅಥವಾ ‘ಸಾಲ್’ ಎಂದು ಬರುವ ಮದ್ದು, ಮೊಮೆಟಾಸೋನ್, ಬೀಟಾಮೆಥಾಸೋನ್, ಕ್ಲೋಬೆಟಾಸಾಲ್ ಮೊದಲಾದವು, ಮುಖದ ಕ್ರೀಮಿನಲ್ಲಿ ಕಂಡರೆ ವೈದ್ಯರನ್ನು ಕೇಳದೆ ಮುಟ್ಟಬಾರದು ಎಂಬುದನ್ನು ಶಾಲೆ ಮುಗಿಸಿದ ಮಗಳೊಬ್ಬಳು ಮನೆಯಲ್ಲಿದ್ದರೆ ತಾಯಿಗೆ ಓದಿ ಹೇಳಬಹುದು. ಈಗಾಗಲೇ ತಿಂಗಳುಗಟ್ಟಲೆ ಹಚ್ಚಿದವರು ಹೆದರಿ ಒಮ್ಮೆಗೇ ಎಸೆದು ನರಳುವ ಬದಲು ಟ್ಯೂಬನ್ನು ಕೈಯಲ್ಲಿ ಹಿಡಿದುಕೊಂಡೇ ವೈದ್ಯರ ಬಳಿಗೆ ಹೋಗಬೇಕು. ಬಿಡಿಸುವ ಕ್ರಮ ಅವರಿಗೆ ಗೊತ್ತು.

ಸ್ಟೀರಾಯ್ಡ್ ಮುಖವನ್ನು ಕೆಡಿಸುತ್ತದೆ. ಕೆಲವು ಬಿಳುಪಿನ ಕ್ರೀಮುಗಳಲ್ಲಿ ಬೆರೆಸುವ ಪಾದರಸ ಮೂತ್ರಪಿಂಡಕ್ಕೇ ಕೈ ಹಾಕುತ್ತದೆ. ಮೆಲನಿನ್ ತಯಾರಾಗಲು ಟೈರೋಸಿನೇಸ್ ಎಂಬ ಕಿಣ್ವ ಬೇಕು, ಆ ಕಿಣ್ವಕ್ಕೆ ತಾಮ್ರ ಬೇಕು. ಪಾದರಸ ಆ ಕಿಣ್ವವನ್ನು ಕೆಲಸ ಮಾಡದಂತೆ ತಡೆಯುತ್ತದೆ. ಬಣ್ಣ ಬೇಗ ಇಳಿಯುತ್ತದೆ, ಕ್ರೀಮಿಗೆ ಖ್ಯಾತಿ ಬರುತ್ತದೆ. ಅದೇ ಪಾದರಸ ಚರ್ಮದ ಮೂಲಕ ರಕ್ತಕ್ಕೆ ಇಳಿದು ಮೂತ್ರಪಿಂಡದಲ್ಲಿ ಸೇರುತ್ತದೆ. ಇದು ದೂರದ ದೇಶದ ಸಂಗತಿಯಲ್ಲ. ನಮ್ಮ ಗಡಿಯಾಚೆ, ಕೇರಳದ ಮಲಪ್ಪುರಂ ಜಿಲ್ಲೆಯ ಕೋಟ್ಟಕ್ಕಲ್‌ನಲ್ಲಿ ಮೂತ್ರಪಿಂಡ ತಜ್ಞರು 2021ರ ಜುಲೈನಿಂದ 2023ರ ಸೆಪ್ಟೆಂಬರ್‌ವರೆಗೆ ಒಂದು ಬಗೆಯ ಮೂತ್ರಪಿಂಡ ಕಾಯಿಲೆಯ 22 ರೋಗಿಗಳನ್ನು ಕಂಡರು. ಅವರಲ್ಲಿ 15 ಮಂದಿಯಲ್ಲಿ ಆ ಕಾಯಿಲೆಯ ವಿರಳ ರೂಪವೊಂದು ಇತ್ತು. ಆ 15ರಲ್ಲಿ 13 ಮಂದಿ ಬಿಳುಪಿನ ಕ್ರೀಮ್ ಬಳಸಿದವರು. ಕಾಲು ಊದುವುದು, ಮೂತ್ರದಲ್ಲಿ ನೊರೆ, ಸುಸ್ತು, ಇವು ಲಕ್ಷಣಗಳು. ಕ್ರೀಮ್ ನಿಲ್ಲಿಸಿದ ಮೇಲೆ ಹೆಚ್ಚಿನವರು ಸುಧಾರಿಸಿಕೊಂಡರು ಎಂಬುದು ಸಮಾಧಾನ. ಅದು ಕ್ರೀಮಿನಿಂದ ಎಂದು ಗುರುತಿಸುವ ವೈದ್ಯರು ಸಿಕ್ಕಿದ್ದು ಅವರ ಪುಣ್ಯ. 2023ರಲ್ಲಿ ಕೇರಳದ ಔಷಧ ನಿಯಂತ್ರಣ ಇಲಾಖೆ ‘ಆಪರೇಷನ್ ಸೌಂದರ್ಯ’ ಎಂಬ ಹೆಸರಿನಲ್ಲಿ ಅಂಗಡಿಗಳನ್ನು ತಪಾಸಣೆ ಮಾಡಿ ಕಾನೂನುಬಾಹಿರ ಪ್ರಸಾಧನಗಳನ್ನು ವಶಪಡಿಸಿಕೊಂಡಿತು.

ವಿರಾಜಪೇಟೆಯಿಂದ ಮಾಕುಟ್ಟದ ಘಾಟಿ ಇಳಿದರೆ ಕಣ್ಣೂರು ಜಿಲ್ಲೆ, ಕುಟ್ಟದಿಂದ ಒಂದು ಹೆಜ್ಜೆ ಇಟ್ಟರೆ ವಯನಾಡು. ಬಟ್ಟೆ, ಮೀನು, ಚಿನ್ನ, ನೆಂಟಸ್ತಿಕೆ ಎಲ್ಲವೂ ಈ ದಾರಿಗಳಲ್ಲಿ ಹೋಗಿಬರುವಾಗ ಕ್ರೀಮಿನ ಡಬ್ಬಿ ಬಾರದಿರುತ್ತದೆಯೇ? ಈಗಂತೂ ಮೊಬೈಲಿನಲ್ಲಿ ಒತ್ತಿದರೆ ಮನೆ ಬಾಗಿಲಿಗೇ ಬರುತ್ತದೆ. ಗಡಿಯಾಚೆಯ ತಪಾಸಣೆಯಂತಹದ್ದನ್ನು ನಮ್ಮ ಇಲಾಖೆಯೂ ಕುಶಾಲನಗರ, ಗೋಣಿಕೊಪ್ಪಲು, ಸಿದ್ದಾಪುರದ ಪೇಟೆಗಳಲ್ಲಿ ನಡೆಸಬೇಕು ಎಂದು ನಾನು ಬಲವಾಗಿ ಒತ್ತಾಯಿಸುತ್ತೇನೆ. ಬಲ ಕೊಡುವ ನಿಯಮಗಳಿವೆ. ದೇಶದ 2020ರ ಪ್ರಸಾಧನ ನಿಯಮಗಳ ಪ್ರಕಾರ ಮುಖದ ಕ್ರೀಮಿನಲ್ಲಿ ಅರಿಯದೆ ಸೇರಿದ ಪಾದರಸವೂ ಹತ್ತು ಲಕ್ಷದಲ್ಲಿ ಒಂದು ಪಾಲನ್ನು ಮೀರುವಂತಿಲ್ಲ. ಪಾದರಸದ ಬಳಕೆ ತಗ್ಗಿಸಲು 2013ರಲ್ಲಿ ರೂಪುಗೊಂಡ ಅಂತರರಾಷ್ಟ್ರೀಯ ಮಿನಮಾಟಾ ಒಪ್ಪಂದಕ್ಕೆ ಭಾರತ 2018ರಲ್ಲಿ ಸೇರಿದೆ. ಪಾದರಸ ಬೆರೆಸಿದ ಪ್ರಸಾಧನಗಳನ್ನು 2025ರೊಳಗೆ ಪೂರ್ತಿ ನಿಲ್ಲಿಸಬೇಕೆಂದು ಆ ಒಪ್ಪಂದದ ದೇಶಗಳು 2023ರಲ್ಲಿ ತೀರ್ಮಾನಿಸಿವೆ.

ಪಾದರಸ ಇದೆಯೇ ಎಂದು ಮನೆಯಲ್ಲಿ ಪರೀಕ್ಷಿಸುವ ದಾರಿ ಇಲ್ಲ. ಡಬ್ಬಿಯ ಮೇಲೆ ತಯಾರಕರ ವಿಳಾಸ, ಪರವಾನಗಿ ಸಂಖ್ಯೆ, ಒಳಗಿನ ವಸ್ತುಗಳ ಪಟ್ಟಿ ಇಲ್ಲದಿದ್ದರೆ ಅದನ್ನು ಮುಖದ ಹತ್ತಿರ ತರಬೇಡಿ. ಹಚ್ಚಿಕೊಂಡಾಗ ಚಿನ್ನ, ಬೆಳ್ಳಿ, ಅಲ್ಯೂಮಿನಿಯಂ ತಾಗಿಸಬೇಡಿ ಎಂಬ ಸೂಚನೆ ಇದ್ದರೆ ಅದು ಪಾದರಸದ ಬಲವಾದ ಸುಳಿವು. ನನ್ನನ್ನು ಹೆಚ್ಚು ಕಾಡುವುದು ಮಕ್ಕಳ ವಿಷಯ. ಅಮ್ಮನ ಕೆನ್ನೆಗೆ ಕೆನ್ನೆ ಒತ್ತಿ ಮಲಗುವ ಕೂಸಿಗೆ, ಅದೇ ಟವೆಲಿನಲ್ಲಿ ಮುಖ ಒರೆಸಿಕೊಳ್ಳುವ ಮನೆಮಂದಿಗೆ ಪಾದರಸ ಹೋಗುತ್ತದೆ. ಕ್ರೀಮ್ ಹಚ್ಚದವರ ದೇಹದಲ್ಲೂ ಅದು ಸಿಕ್ಕ ಉದಾಹರಣೆಗಳಿವೆ.

ಹೈಡ್ರೋಕ್ವಿನೋನ್ ಬಗ್ಗೆ ಚಿಕ್ಕದಾಗಿ. ವೈದ್ಯರ ಕೈಯಲ್ಲಿ, ಕೆಲವು ತಿಂಗಳ ಮಿತಿಯಲ್ಲಿ ಅದು ಒಳ್ಳೆಯ ಮದ್ದು. ವರ್ಷಗಟ್ಟಲೆ ಹಚ್ಚಿದರೆ ಕೆಲವರಲ್ಲಿ ಚರ್ಮದ ಒಳಪದರದಲ್ಲಿ ನೀಲಿಗಪ್ಪು ಬಣ್ಣ ಕೂತುಬಿಡುತ್ತದೆ, ಅದನ್ನು ತೆಗೆಯುವುದು ಬಹಳ ಕಷ್ಟ. ದಕ್ಷಿಣ ಆಫ್ರಿಕಾದ ಹೆಂಗಸರಲ್ಲಿ ಇದು 1975ರಲ್ಲೇ ವರದಿಯಾಗಿತ್ತು. ಯುರೋಪಿನ ಒಕ್ಕೂಟ 2001ರಲ್ಲಿ ಚರ್ಮ ಬೆಳ್ಳಗಾಗಿಸುವ ಪ್ರಸಾಧನಗಳಿಂದ ಅದನ್ನು ಹೊರಹಾಕಿತು, ಅಮೆರಿಕ 2020ರಲ್ಲಿ ಚೀಟಿಯಿಲ್ಲದ ಮಾರಾಟ ನಿಲ್ಲಿಸಿತು. ಕಪ್ಪು ಹೋಗಲೆಂದು ಹಚ್ಚಿದ್ದೇ ಕಪ್ಪು ತಂದಿದೆ ಎಂದು ತಿಳಿಯದೆ ಹೆಂಗಸರು ಇನ್ನಷ್ಟು ಹಚ್ಚುವುದು ಈ ತೊಂದರೆಯ ಅತ್ಯಂತ ನೋವಿನ ಭಾಗ.

ಮನೆಮದ್ದು ಎಲ್ಲವೂ ನಿರಪಾಯ ಎಂಬುದೂ ಸರಿಯಲ್ಲ. ನಿಂಬೆ ಜಾತಿಯ ಹಣ್ಣುಗಳಲ್ಲಿ, ಅದರಲ್ಲೂ ಸಿಪ್ಪೆಯಲ್ಲಿ, ಬಿಸಿಲು ತಾಗಿದಾಗ ಚರ್ಮವನ್ನು ಸುಡುವ ಅಂಶಗಳಿವೆ. ಹಿತ್ತಿಲ ನಿಂಬೆಯ ರಸ ಹಚ್ಚಿಕೊಂಡು ಕಣಕ್ಕೆ ಹೋದರೆ ಗುಳ್ಳೆ ಎದ್ದು, ಮಾಸಲು ತಿಂಗಳುಗಳು ಬೇಕಾಗುವ ಗಾಢ ಕಲೆ ಉಳಿಯಬಹುದು. ಕಡಲೆಹಿಟ್ಟು, ಮೊಸರು ಮುಖವನ್ನು ನುಣುಪಾಗಿಸುತ್ತವೆ, ತೊಂದರೆಯಿಲ್ಲ. ಬಂಗನ್ನು ತೆಗೆಯುವ ಶಕ್ತಿ ಅವಕ್ಕಿಲ್ಲ.

ಹಾಗಾದರೆ ಕೆಲಸ ಮಾಡುವುದು ಯಾವುದು? ಮೊದಲು ನೆರಳು. ಅಂಚು ಅಗಲವಾದ ಟೋಪಿ, ಕೆನ್ನೆಯವರೆಗೂ ಬರುವಂತೆ ಸುತ್ತಿದ ಹತ್ತಿ ಬಟ್ಟೆ. ಕಣದ ಕೆಲಸವನ್ನು ಆದಷ್ಟು ಬೆಳಿಗ್ಗೆ ಬೇಗ, ಸಂಜೆ ತಡವಾಗಿ ಹಂಚಿಕೊಳ್ಳುವುದು. ಅದರ ಜೊತೆಗೆ ಎಸ್‌ಪಿಎಫ್ (ಬಿಸಿಲು ತಡೆಯುವ ಶಕ್ತಿಯ ಅಳತೆ) 30 ಅಥವಾ ಅದಕ್ಕಿಂತ ಹೆಚ್ಚಿನ, ಕಪ್ಪಾಗಿಸುವ ಕಿರಣವನ್ನೂ ತಡೆಯುವ ಸನ್‌ಸ್ಕ್ರೀನ್. ಮುಖಕ್ಕೂ ಕತ್ತಿಗೂ ಸೇರಿ ಎರಡು ಬೆರಳುಗಳ ಉದ್ದಕ್ಕೆ ಹಿಂಡಿದಷ್ಟು ಬೇಕು. ಕಡಲೆ ಕಾಳಿನಷ್ಟು ಸವರಿದರೆ ಡಬ್ಬಿಯ ಮೇಲೆ ಬರೆದ ಸಂಖ್ಯೆಗೆ ಅರ್ಥವಿಲ್ಲ. ಹೊರಗೆ ಇದ್ದರೆ ಎರಡು ಮೂರು ಗಂಟೆಗೊಮ್ಮೆ ಮತ್ತೆ ಹಚ್ಚಬೇಕು. ಮೈಬಣ್ಣದ ಛಾಯೆ ಇರುವ, ಕಬ್ಬಿಣದ ಆಕ್ಸೈಡ್ ಸೇರಿಸಿದ ಸನ್‌ಸ್ಕ್ರೀನ್ ಸಾಮಾನ್ಯ ಬೆಳಕನ್ನೂ ತಡೆಯುವುದರಿಂದ ಬಂಗಿಗೆ ಹೆಚ್ಚು ಒಳ್ಳೆಯದು. ಇದು ದುಬಾರಿ ಎಂಬುದು ನನಗೆ ಗೊತ್ತು. ಹೇಳಿದಷ್ಟು ಹಚ್ಚಿದರೆ ಒಂದು ಟ್ಯೂಬ್ ತಿಂಗಳು ಬರುವುದಿಲ್ಲ. ಕೂಲಿ ಮಾಡುವ ಹೆಣ್ಣಿಗೆ ಇದನ್ನು ಹೇಳಿ ಸುಮ್ಮನಾಗುವುದು ನ್ಯಾಯವಲ್ಲ. ಅವಳಿಗೆ ಟೋಪಿಯೇ ಮೊದಲ ಮದ್ದು. ಕೈಗೆ ಗವಸು, ಮಳೆಗೆ ಕೊಪ್ಪೆ ಕೊಡುವ ತೋಟದ ಮಾಲೀಕರು ಕಣದ ಕೆಲಸಕ್ಕೆ ಅಗಲವಾದ ಟೋಪಿ ಕೊಡುವುದು ದೊಡ್ಡ ಖರ್ಚಲ್ಲ.

ಹಚ್ಚುವ ಮದ್ದುಗಳಲ್ಲಿ ಅಜೆಲಾಯಿಕ್ ಆಮ್ಲ, ಕೋಜಿಕ್ ಆಮ್ಲ, ನಯಾಸಿನಮೈಡ್ ಇವೆ. ಇವು ನಿಧಾನ, ಮೂರು ತಿಂಗಳಾದರೂ ಕಾಯಬೇಕು, ಆದರೆ ಸ್ಟೀರಾಯ್ಡ್‌ನಂತೆ ಚರ್ಮವನ್ನು ತೆಳ್ಳಗಾಗಿಸುವುದಿಲ್ಲ. ಬಸಿರಿನಲ್ಲಿ ಟ್ರೆಟಿನಾಯಿನ್, ಹೈಡ್ರೋಕ್ವಿನೋನ್ ಬೇಡ. ಅಗತ್ಯವಿದ್ದರೆ ವೈದ್ಯರು ಸಾಮಾನ್ಯವಾಗಿ ಅಜೆಲಾಯಿಕ್ ಆಮ್ಲವನ್ನು ಆರಿಸುತ್ತಾರೆ. ಟ್ರಾನೆಕ್ಸಾಮಿಕ್ ಆಮ್ಲದ ಮಾತ್ರೆ ಮೊಂಡು ಬಂಗಿಗೆ ನಿಜಕ್ಕೂ ಸಹಾಯ ಮಾಡುತ್ತದೆ. ಮೂಲತಃ ಅದು ರಕ್ತಸ್ರಾವ ತಡೆಯುವ ಮದ್ದು. ಹಿಂದೆ ರಕ್ತ ಹೆಪ್ಪುಗಟ್ಟಿದವರಿಗೆ, ಗರ್ಭನಿರೋಧಕ ಮಾತ್ರೆ ನುಂಗುತ್ತಿರುವವರಿಗೆ ಅದು ಅಪಾಯ, ಆದ್ದರಿಂದ ಗೆಳತಿಯ ಚೀಟಿ ತೋರಿಸಿ ಕೊಳ್ಳುವಂತಹದ್ದಲ್ಲ. ಲೇಸರ್, ಆಮ್ಲದ ಲೇಪ ಅನುಭವಿ ಕೈಯಲ್ಲಿ ಕೆಲವರಿಗೆ ಉಪಯೋಗ. ಅನುಭವವಿಲ್ಲದವರು ಮಾಡಿದರೆ ಕಂದು ಚರ್ಮ ಸುಟ್ಟು ಕಪ್ಪಾಗುತ್ತದೆ. ಮೈಬಣ್ಣ ತಿಳಿಯಾಗಲು ಎಂದು ನರಕ್ಕೆ ಚುಚ್ಚುವ ಗ್ಲುಟಾಥಿಯೋನ್ ಬೇಡವೇ ಬೇಡ.

ಇಷ್ಟೆಲ್ಲ ಗೊತ್ತಿದ್ದರೂ ವಾರದ ಕ್ರೀಮಿಗೇ ಯಾಕೆ ಕೈ ಹೋಗುತ್ತದೆ? ಏಕೆಂದರೆ ನಮಗೆ ಹೇಳಿಕೊಟ್ಟಿರುವುದು ಮುಖ ಸಮವಾಗಬೇಕು ಎಂದಲ್ಲ, ಬೆಳ್ಳಗಾಗಬೇಕು ಎಂದು. ಈ ಎರಡು ಬಯಕೆಗಳು ಬೇರೆ ಬೇರೆ. ಕಲೆ ತಿಳಿಯಾಗಿ ತನ್ನ ಸಹಜ ಬಣ್ಣ ಮರಳಿ ಬರಲಿ ಎನ್ನುವುದು ರೋಗಿಯ ನ್ಯಾಯವಾದ ಆಸೆ. ಇರುವ ಬಣ್ಣವೇ ಕೀಳು ಎನ್ನುವುದು ಮಾರುಕಟ್ಟೆ ಬಿತ್ತಿದ್ದು. 1975ರಲ್ಲಿ ಮಾರುಕಟ್ಟೆಗೆ ಬಂದ ‘ಫೇರ್ ಅಂಡ್ ಲವ್ಲಿ’ಯ ಹೆಸರಿನಿಂದ ‘ಫೇರ್’ ಎಂಬ ಪದ ಹೋಗಿದ್ದು 2020ರಲ್ಲಿ, ನಲವತ್ತೈದು ವರ್ಷಗಳ ನಂತರ. ಕಪ್ಪು ಬಣ್ಣದವರನ್ನು ಸೋತವರಂತೆ, ದುಃಖಿಗಳಂತೆ ತೋರಿಸಬಾರದೆಂದು ಜಾಹೀರಾತು ಮಾನದಂಡ ಮಂಡಳಿ 2014ರಲ್ಲಿ ಸೂಚಿಸಿತು. ಈಗ ಜಾಹೀರಾತುಗಳು ಬಿಳುಪು ಎನ್ನುವುದಿಲ್ಲ, ಹೊಳಪು, ಕಾಂತಿ ಎನ್ನುತ್ತವೆ. ಕೊಡಗಿನಲ್ಲಿ ಈ ಭಾರಕ್ಕೆ ಇನ್ನೊಂದು ಎಳೆ ಇದೆ. ಕೊಡಗಿನವರೆಂದರೆ ಬೆಳ್ಳಗಿರುತ್ತಾರೆ ಎಂದು ಹೊರಗಿನವರು ಹೊಗಳಿಕೆಯೆಂದು ತಿಳಿದು ಹೇಳುತ್ತಾರೆ. ಆ ಮಾತು ಇಲ್ಲಿನ ಕಂದು, ಕಪ್ಪು ಬಣ್ಣದ ಹುಡುಗಿಯರನ್ನು ತಮ್ಮ ಊರಿನಲ್ಲೇ ಪರಕೀಯರನ್ನಾಗಿ ಮಾಡುತ್ತದೆ. “ನೀನು ಕೊಡಗಿನವಳಂತೆ ಕಾಣುವುದಿಲ್ಲ” ಎಂಬ ಮಾತನ್ನು ಮೈಸೂರಿನ ಹಾಸ್ಟೆಲಿನಲ್ಲಿ ನಾನೇ ಕೇಳಿಸಿಕೊಂಡಿದ್ದೇನೆ. ಆ ವಯಸ್ಸಿನಲ್ಲಿ ನನ್ನ ಕೈಗೂ ಇಂತಹ ಟ್ಯೂಬ್ ಸಿಕ್ಕಿದ್ದರೆ ಹಚ್ಚಿಕೊಳ್ಳುತ್ತಿದ್ದೆ.

ಬಸುರಿಯರ ತಪಾಸಣೆಯಲ್ಲಿ ರಕ್ತದೊತ್ತಡ, ಹಿಮೋಗ್ಲೋಬಿನ್ ನೋಡುವಾಗಲೇ ಬಂಗು ಬರಬಹುದು, ಮುಖಕ್ಕೆ ಏನು ಹಚ್ಚುತ್ತಿದ್ದೀರಿ ಎಂದು ಕೇಳುವುದು ಒಂದು ನಿಮಿಷದ ಕೆಲಸ. ಆಶಾ ಕಾರ್ಯಕರ್ತೆಯರಿಗೆ ಈ ಪ್ರಶ್ನೆ ಕಲಿಸಿಕೊಟ್ಟರೆ ಲೈನ್ ಮನೆಗಳ ಎಷ್ಟೋ ಟ್ಯೂಬುಗಳು ಬೆಳಕಿಗೆ ಬರುತ್ತವೆ. ಮಡಿಕೇರಿಯ ವೈದ್ಯಕೀಯ ವಿಜ್ಞಾನ ಸಂಸ್ಥೆಯ ಬೋಧಕ ಆಸ್ಪತ್ರೆಯಲ್ಲಿ ಚರ್ಮರೋಗ ವಿಭಾಗವಿದೆ ಎಂಬುದು ನಮ್ಮ ತೋಟದ ಹಲವರಿಗೆ ಗೊತ್ತೇ ಇರಲಿಲ್ಲ.

ಅತ್ತಿಗೆ ಕೊನೆಗೆ ಹೋದದ್ದು ಅಲ್ಲಿಗೇ. ಟ್ಯೂಬ್ ಬಿಡಿಸಲು ಕೆಲವು ತಿಂಗಳು, ಉರಿ ಪೂರ್ತಿ ಇಳಿಯಲು ಹೆಚ್ಚುಕಡಿಮೆ ಒಂದು ವರ್ಷ ಬೇಕಾಯಿತು. ಬಂಗು ಈಗಲೂ ಇದೆ, ತಿಳಿಯಾಗಿದೆ, ಕಣದ ಕೆಲಸ ಮುಗಿಯುವ ಹೊತ್ತಿಗೆ ಸ್ವಲ್ಪ ಏರುತ್ತದೆ, ಮಳೆಗಾಲ ಕಳೆಯುವಾಗ ಇಳಿಯುತ್ತದೆ. ಕಳೆದ ವಾರ ಅವರು ತಾವೇ ಟ್ಯೂಬ್ ತರಿಸಿಕೊಟ್ಟಿದ್ದ ಮೂವರನ್ನೂ ಕಾಣಲು ಲೈನ್ ಮನೆಗೆ ಹೋಗಿದ್ದರು. ಇಬ್ಬರು ಎಂದೋ ಬಿಟ್ಟಿದ್ದರು. ಮೂರನೆಯವಳು ಅದೇ ಹೆಸರು ಹೇಳಿ ಮತ್ತೆ ಮತ್ತೆ ಕೊಂಡುಕೊಂಡಿದ್ದಾಳೆ, ಖಾಲಿ ಪೆಟ್ಟಿಗೆಗಳು ಕಿಟಕಿಯ ಮೇಲಿದ್ದವಂತೆ. ಮುಂದಿನ ಸೋಮವಾರ ಅವಳೂ ಅತ್ತಿಗೆಯೂ ಒಟ್ಟಿಗೆ ಮಡಿಕೇರಿಗೆ ಹೋಗುತ್ತಾರೆ. ಅವಳ ಆ ದಿನದ ಕೂಲಿ ಹೋಗದಂತೆ ಅತ್ತಿಗೆ ಮೇಸ್ತ್ರಿಯ ಹತ್ತಿರ ಮಾತಾಡಿದ್ದಾರೆ.